ಪದಚರ್ಚೆ: ಕಾಲಿನ ಸೂಜಿಗೆ ‘ವಂಶವಾಹಿ’ ಯಾಕೆ?

ಎಲ್ಲರಿಗೂ ನಮಸ್ಕಾರ. ಕಾಲಿನ ರಕ್ತನಾಳ ಕಟ್ಟಿಕೊಳ್ಳುವ ಕಾಯಿಲೆಯ ಬಗ್ಗೆ ಕರಪತ್ರ ಬರೆಯುತ್ತ ಒಂದು ಪದದ ಹತ್ತಿರ ಸಿಕ್ಕಿಬಿದ್ದಿದ್ದೇನೆ. ಓದುವವರು ನಿಪ್ಪಾಣಿ ಕಡೆಯವರು. ತಂಬಾಕಿನ ಸೀಮೆ, ಬೀಡಿಗೂ ಈ ಕಾಯಿಲೆಗೂ ಇರುವ ನಂಟನ್ನು ಅಲ್ಲಿ ಬಿಡಿಸಿ ಹೇಳಲೇಬೇಕು.

ನಮ್ಮ ಸೋದರಮಾವನಿಗೂ ಇದೇ ತೊಂದರೆ. ಬೆಳಗಾವಿಯ ಖಡೇ ಬಜಾರದಲ್ಲಿ ಜೊತೆಗೆ ಹೊರಟರೆ ನೂರು ಹೆಜ್ಜೆಗೊಮ್ಮೆ ನಿಲ್ಲುತ್ತಾನೆ. ನಿಂತದ್ದು ಯಾರಿಗೂ ಗೊತ್ತಾಗಬಾರದೆಂದು ಕುಂದಾದ ರೇಟು ಕೇಳುತ್ತಾನೆ, ಸಕ್ಕರೆ ಕಾಯಿಲೆ ಇದ್ದೂ! ಎರಡು ನಿಮಿಷದಲ್ಲಿ ಮೀನಖಂಡದ ಸೆಳೆತ ಇಳಿಯುತ್ತದೆ, ಮತ್ತೆ ನಡಿಗೆ.

ಕರಪತ್ರದ ಕೊನೆಗೆ ಹೊಸ ಚಿಕಿತ್ಸೆಯ ಮಾತಿದೆ. ರಕ್ತನಾಳ ಬೆಳೆಸುವ ಪ್ರೊಟೀನಿನ ಜೀನನ್ನು (ಆ ಪ್ರೊಟೀನು ಮಾಡಿಸುವ ಡಿಎನ್‌ಎ ತುಣುಕು, ಪುಸ್ತಕದ ಕನ್ನಡದಲ್ಲಿ ‘ವಂಶವಾಹಿ’) ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದಲ್ಲಿ ಕೂಡಿಸಿ ಕಾಲಿನ ಸ್ನಾಯುವಿಗೆ ಚುಚ್ಚುತ್ತಾರೆ. ‘ವಂಶವಾಹಿ ಚಿಕಿತ್ಸೆ’ ಎಂದು ಬರೆದು ಮಾವನಿಗೆ ಓದಿ ತೋರಿಸಿದೆ. “ಅಲ್ಲೋ ತಮ್ಮಾ, ಕಾಲ್ ನಂದು. ಮೊಮ್ಮಕ್ಕಳಿಗ್ಯಾಕ ಇದರ ಉಸಾಬರಿ?” ಅಂದ.

ಅವನ ತಪ್ಪೇನಿಲ್ಲ, ಪದವೇ ಹಾಗೆ ಹೇಳುತ್ತದೆ. ಆದರೆ ಈ ಸೂಜಿಯಲ್ಲಿ ವಂಶಕ್ಕೆ ಹರಿಯುವಂಥದ್ದೇನೂ ಇಲ್ಲ. ಪ್ಲಾಸ್ಮಿಡ್ ಸಾಮಾನ್ಯವಾಗಿ ನಮ್ಮ ಸ್ವಂತ ಡಿಎನ್‌ಎ ಇರುವ ವರ್ಣತಂತುವಿನಲ್ಲಿ ಸೇರಿಕೊಳ್ಳುವುದಿಲ್ಲ. ಕೆಲವು ವಾರ ಪ್ರೊಟೀನು ಮಾಡಿಸಿ ತಣ್ಣಗಾಗುತ್ತದೆ. ಹಾಗಂತ ‘ವಂಶವಾಹಿ’ ಕಟ್ಟಿದವರನ್ನೂ ದೂರುವಂತಿಲ್ಲ. 1909ರಲ್ಲಿ ಡೆನ್ಮಾರ್ಕಿನ ಯೊಹಾನ್ಸೆನ್ ‘ಜೀನ್’ ಎಂದು ಹೆಸರಿಟ್ಟದ್ದೇ ಅನುವಂಶೀಯತೆಯ ಚರ್ಚೆಯಲ್ಲಿ.

‘ಜೀನ್’ ಅಂತಲೇ ಇಡೋಣವೆಂದರೆ, “ಕುದುರಿಗಿ ಹಾಕೂ ಜೀನೇನು?” ಎಂದ ಮಾವ. ಜೀನ ಅಂದರೆ ಜಿಪುಣನೂ ಹೌದು. ಜೀನರಿಗೆ ಚಿಕಿತ್ಸೆ ಬಂದರೆ ನಮ್ಮ ಓಣಿಯ ಅರ್ಧ ಜನಕ್ಕೆ ಬೇಕಾದೀತು.

(‘ನರ ಬ್ಲಾಕ್ ಆಗೇತಿ’ ಎಂಬ ರೂಢಿಯನ್ನು ಬಿಟ್ಟಿದ್ದೇನೆ. ನರ ಅಂದರೆ ಆಡುಮಾತಿನಲ್ಲಿ ರಕ್ತನಾಳವೂ ಹೌದು, ನರವೂ ಹೌದು. ‘ಅಪಧಮನಿ’ಯನ್ನಂತೂ ಪಠ್ಯಪುಸ್ತಕದ ಹೊರಗೆ ನಾನು ಕೇಳಿಲ್ಲ. ‘ರಕ್ತನಾಳ’ ಸಾಕು.)

ಕಡೆಗೆ ಮಾಡುವ ಕೆಲಸವನ್ನೇ ಹೆಸರಾಗಿಸಿ ‘ನಾಳ ಚಿಗುರಿಸುವ ಸೂಜಿ’ ಎಂದೆ. ಮಾವನ ಮುಖ ಅರಳಿತು: “ಎಲ್ಲಿ ಮಾಡತಾರ ಈ ಸೂಜಿ? ನಾಳೇನ ಹೋಗೂಣು.” ಅಲ್ಲಿಗೆ ಅದೂ ಕೆಟ್ಟಿತು. ಇಂಥದೇ ಸೂಜಿಯನ್ನು 525 ರೋಗಿಗಳಲ್ಲಿ ಪರೀಕ್ಷಿಸಿದ ಟಮಾರಿಸ್ ಪ್ರಯೋಗದ ಫಲ 2011ರಲ್ಲಿ ಬಂತು: ಕಾಲು ಕತ್ತರಿಸುವ ಪ್ರಸಂಗವಾಗಲಿ ಸಾವಾಗಲಿ ಕಡಿಮೆಯಾಗಲಿಲ್ಲ. ಅದೇ ವರ್ಷ ರಷ್ಯಾ ಬೇರೊಂದು ಜೀನಿನ ಸೂಜಿಗೆ ಒಪ್ಪಿಗೆ ಕೊಟ್ಟಿತು. 2019ರಲ್ಲಿ ಜಪಾನು ಮತ್ತೊಂದಕ್ಕೆ, ಷರತ್ತಿನ ಮೇಲೆ ಮಾತ್ರ. ಇಷ್ಟು ಅನುಮಾನವಿರುವ ಮದ್ದಿಗೆ ‘ಚಿಗುರಿಸುವ’ ಎಂದು ಖಾತ್ರಿ ಕೊಡಲು ಕೈ ಬರುತ್ತಿಲ್ಲ.

ವಂಶದ ಹೆದರಿಕೆಯನ್ನೂ ಹುಟ್ಟಿಸದ, ಇಲ್ಲದ ಆಸೆಯನ್ನೂ ಹಚ್ಚದ ಪದ ಯಾರ ಬಳಿಯಾದರೂ ಇದೆಯೇ? ಸೋಮವಾರ ಅಚ್ಚಿಗೆ ಕೊಡಬೇಕು. ಅಷ್ಟರೊಳಗೆ ಸಿಗದಿದ್ದರೆ ‘ಜೀನ್ ಸೂಜಿ’ ಎಂದು ಹಾಕಿ, ಕುದುರೆಯದ್ದಲ್ಲ ಎಂದು ಕೆಳಗೆ ಬರೆಯುತ್ತೇನೆ.