ಸಹಾಯ ಬೇಕು: ಹಳೇ ಕ್ರೋಮ್ ಪ್ಲೇಟಿಂಗ್ ಶೆಡ್ ಜಾಗದಲ್ಲಿ ಮನೆ, ಮಣ್ಣಿನದೇ ಚಿಂತೆ

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಉದ್ಯಮಬಾಗ ಹತ್ತಿರ ನಮ್ಮ ಮಾವನವರ ಕ್ರೋಮ್ ಪ್ಲೇಟಿಂಗ್ (ಲೋಹದ ಸಾಮಾನಿಗೆ ಕ್ರೋಮಿಯಂ ಲೇಪಿಸುವ) ಶೆಡ್ ಇತ್ತು. ಮುಚ್ಚಿ ಹತ್ತು ವರ್ಷ ಆಯಿತು. ಈಗ ಅಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಕಟ್ಟಲು ಹೊರಟಿದ್ದೇವೆ. ಪಾಯಕ್ಕೆ ಅಗೆಸಿದಾಗ, ಟ್ಯಾಂಕ್ ಇದ್ದ ಮೂಲೆಯ ಮಣ್ಣು ಹಳದಿಯಾಗಿತ್ತು. ಮಳೆ ಬಂದ ಮರುದಿನ ಗುಂಡಿಯಲ್ಲಿ ನಿಂತ ನೀರು ಥೇಟ್ ಅರಿಶಿನ ಕಲಸಿದ ಹಾಗೆ. ಆ ಕ್ಷಣವೇ ಕೆಲಸ ನಿಲ್ಲಿಸಿದೆ.

ಕಂಟ್ರಾಕ್ಟರು, "ಎರಡು ಫೂಟ ಮಣ್ಣ ತಗದು ಕೆಂಪ ಮಣ್ಣ ತುಂಬಿದ್ರ ಮುಗೀತ್ರೀ" ಅನ್ನುತ್ತಾರೆ. ತೆಗೆದ ಮಣ್ಣು ಎಲ್ಲಿಗೆ ಅಂದರೆ ಊರ ಹೊರಗಿನ ಹಳ್ಳ ತೋರಿಸುತ್ತಾರೆ! ಅದು ನನ್ನಿಂದ ಆಗಲ್ಲ. ಅಪಾಯಕಾರಿ ತ್ಯಾಜ್ಯ ಹಾಗೆ ಸುರಿಯುವಂತಿಲ್ಲ ಅಂತ 2016ರ ನಿಯಮವೇ ಇದೆ.

ಮಣ್ಣನ್ನು ಲ್ಯಾಬ್‌ಗೆ ಕೊಟ್ಟೆ. ರಿಪೋರ್ಟಿನಲ್ಲಿ 'ಒಟ್ಟು ಕ್ರೋಮಿಯಂ' ಅಂತ ಒಂದೇ ಅಂಕಿ. ಇಲ್ಲೇ ನಾನು ಸಿಕ್ಕಿಕೊಂಡಿದ್ದು. ಮಣ್ಣಲ್ಲಿ ಕ್ರೋಮಿಯಂ 6, 3 ಅಂತ ಎರಡು ರೂಪದಲ್ಲಿರುತ್ತದೆ. ಜಾಸ್ತಿ ವಿಷ ಕ್ರೋಮಿಯಂ-6, ನೀರಲ್ಲಿ ಕರಗಿ ಕೆಳಗಿಳಿಯೋದೂ ಅದೇ ಅಲ್ವಾ? ಕ್ರೋಮಿಯಂ-3 ಸುಲಭಕ್ಕೆ ಜಾಗ ಬಿಟ್ಟು ಕದಲುವುದಿಲ್ಲ. ಎರಡೂ ಸೇರಿದ ಅಂಕಿಯಿಂದ ನನಗೇನು ಗೊತ್ತಾಗಬೇಕು? ಪಕ್ಕದವರ ಬೋರ್‌ವೆಲ್ ನೂರು ಅಡಿಯೂ ದೂರ ಇಲ್ಲ. ಕುಡಿಯುವ ನೀರಿಗೆ ಲೀಟರಿಗೆ 0.05 ಮಿಲಿಗ್ರಾಂ ಕ್ರೋಮಿಯಂ ಅಷ್ಟೇ ಮಿತಿ.

ಫೆರಸ್ ಸಲ್ಫೇಟ್ (ಕಬ್ಬಿಣದ ಒಂದು ಲವಣ) ಬೆರೆಸಿದರೆ 6 ಹೋಗಿ 3 ಆಗುತ್ತದೆ, ಮಣ್ಣು ಅಲ್ಲೇ ಇರಲಿ ಅಂತ ಗೆಳೆಯರೊಬ್ಬರು ಹೇಳಿದರು. ಸುಮ್ನೆ ಚೀಲ ತಂದು ಸುರಿಯೋಕೆ ಧೈರ್ಯ ಇಲ್ಲ.

ಈ ಕೆಲಸ ಮಾಡಿಸಿದವರು ಹೇಳಿ: ಅಲ್ಲೇ ಸರಿಮಾಡಬಹುದಾ, ಇಲ್ಲ ಅಗೆದು ಅಪಾಯಕಾರಿ ತ್ಯಾಜ್ಯದ ಘಟಕಕ್ಕೇ ಕಳಿಸಬೇಕಾ ಅಂತ ತೀರ್ಮಾನಿಸಲು ಯಾವ ಟೆಸ್ಟ್, ಎಷ್ಟು ಆಳದವರೆಗೆ ಮಾಡಿಸಬೇಕು?