ಅಪ್‌ಡೇಟ್: ಫೊಂಟೇನ್ಹಾಸ್ ಮನೆಯ ಅರ್ಜಿ ಏನಾಯಿತು

ಪಣಜಿಯ ಫೊಂಟೇನ್ಹಾಸ್‌ನಲ್ಲಿರುವ ನಮ್ಮ ಅತ್ತೆಯವರ ಹಳೇ ಮನೆಯ ಹಿಂಭಾಗ ಕೆಡವಿ ಹೊಸದಾಗಿ ಕಟ್ಟಬಹುದಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಕೆಡವಲು ಒಪ್ಪಿಗೆ ಸಿಗಲಿಲ್ಲ. ಇದು ಕನ್ಸರ್ವೇಶನ್ ಝೋನ್, ಅಂದರೆ ಹಳೇ ಕಟ್ಟಡಗಳನ್ನು ಉಳಿಸಿಕೊಳ್ಳಬೇಕಾದ ಪ್ರದೇಶ ಅಲ್ವಾ, ಕನ್ಸರ್ವೇಶನ್ ಕಮಿಟಿಯೂ ಒಪ್ಪಬೇಕು. ರಿಪೇರಿಗೆ ಮಾತ್ರ ಒಪ್ಪಿದರು. ರಸ್ತೆ ಕಡೆಯ ಬಾಲ್ಕನಿ, ಕಿಟಕಿಗಳಲ್ಲಿ ಗಾಜಿನ ಬದಲು ಕೂರಿಸಿರುವ ಚಿಪ್ಪುಗಳು, ಮಂಗಳೂರು ಹೆಂಚಿನ ಮಾಡು ಹಾಗೇ ಇರಬೇಕು. ಬಚ್ಚಲು, ವೈರಿಂಗ್ ಹೊಸದು ಮಾಡಿಸಬಹುದು.

ಹಿಂದಿನ ಗೋಡೆಗೆ ಯಾರೋ ಸಿಮೆಂಟ್ ಬಳಿದಿದ್ದರು. ಉಗುರು ತಾಗಿದರೂ ಪದರ ಕಳಚಿ ಬರುತ್ತಿತ್ತು, ಒಳಗಿನ ಮುರಕಲ್ಲು (ಜಂಬಿಟ್ಟಿಗೆ) ಪೂರ್ತಿ ಒದ್ದೆ. ಸಿಮೆಂಟ್ ತೇವವನ್ನು ಹೊರಗೆ ಬಿಡುವುದಿಲ್ಲ, ಸುಣ್ಣದ ಗಾರೆ ಬಿಡುತ್ತದೆ. ಅದಕ್ಕೇ ಗಾರೆಯನ್ನೇ ಹಾಕಿಸುತ್ತಿದ್ದೇವೆ. ಖರ್ಚು ಜಾಸ್ತಿ, ಆದರೆ ಗೋಡೆ ಉಳಿಯುತ್ತದೆ. ನನಗೆ ಈಗ ಕಮಿಟಿಯವರ ಮಾತೇ ಸರಿ ಅನ್ನಿಸುತ್ತಿದೆ. ಮಳೆಗಾಲಕ್ಕೆ ಮುಂಚೆ ಮಾಡಿನ ರಿಪೇರಿ ಮುಗಿಸಬೇಕು.