ಹಿಮ ಬಿದ್ದ ಕಾಡುದಾರಿಯಲ್ಲಿ ಐದು ಜನರ ಓಟ: ಸ್ಪೈಕ್, ಶೂ, ಬಟ್ಟೆ ಬಗ್ಗೆ ಸಲಹೆ ಬೇಕು

ಕಾಲುದಾರಿ5:
ನಮಸ್ಕಾರ. ನಾವು ಐದು ಜನ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಓಡುವ 14 ಕಿ.ಮೀ. ಕಾಡುದಾರಿಯನ್ನ ಈ ಸಲ ಚಳಿಗಾಲದಲ್ಲೂ ಬಿಡಬಾರದು ಅಂತಿದ್ದೇವೆ. ಒಟ್ಟು ಏರು 450 ಮೀಟರ್. ಬೆಳಗ್ಗೆ ಮೈನಸ್ 5ರಿಂದ ಮೈನಸ್ 12 ಡಿಗ್ರಿ. ಕೆಳಗಿನ ಅರ್ಧ ಜನ ತುಳಿದು ಗಟ್ಟಿಯಾದ ಹಿಮ, ಮೇಲಕ್ಕೆ ಹೋದಂತೆ ಹೊಸ ಹಿಮ, ನೆರಳಿರುವ ತಿರುವುಗಳಲ್ಲಿ ಗಾಜಿನಂಥ ಐಸ್. ಎಲ್ಲರ ಹತ್ತಿರ ಇರುವುದು 4–5 ಮಿ.ಮೀ. ಲಗ್ (ಅಟ್ಟೆಯಡಿಯ ರಬ್ಬರ್ ಉಬ್ಬು) ಇರುವ ಮಾಮೂಲಿ ಟ್ರೇಲ್ ಶೂ.

ಚೈನ್ ಸ್ಪೈಕ್ ತಗೋಬೇಕಾ, ಅಟ್ಟೆಗೆ ಸ್ಕ್ರೂ ಹಾಕಿದರೆ ಸಾಕಾ? ವಾಟರ್‌ಪ್ರೂಫ್ ಶೂ ಬೇಕೇ ಬೇಕಾ? ಬಟ್ಟೆ ಎಷ್ಟು? ಇನ್ನೊಂದು ತಲೆನೋವು: ನಮ್ಮಲ್ಲಿ ಎಲ್ಲರಿಗಿಂತ ಮುಂದಿರುವವರಿಗೂ ಹಿಂದಿರುವವರಿಗೂ ಕಿಲೋಮೀಟರಿಗೆ ಒಂದೂವರೆ ನಿಮಿಷ ವ್ಯತ್ಯಾಸ. ಬೇಸಿಗೆಯಲ್ಲಿ ಕವಲುದಾರಿ ಬಂದಲ್ಲೆಲ್ಲ ನಿಂತು ಕಾಯುತ್ತೇವೆ. ಹಿಮದಲ್ಲೂ ಹಾಗೇ ಮಾಡಬಹುದಾ?

ಅಟ್ಟೆಸ್ಕ್ರೂ:
ಹಿಡಿತದ ಬಗ್ಗೆ ಮಾತ್ರ ಹೇಳ್ತೀನಿ.

ಕಾಲಿಟ್ಟರೆ ಕಿರ್ ಅನ್ನುವ ಒಣ ಹಿಮದಲ್ಲಿ ನಿಮ್ಮ ಈಗಿನ ಲಗ್ಗೇ ಸಾಕು. ಆ ಸದ್ದು ಬಂದರೆ ಹಿಮ ಸಾಮಾನ್ಯವಾಗಿ ಮೈನಸ್ 10ರ ಆಸುಪಾಸಿನಲ್ಲೋ ಅದಕ್ಕಿಂತ ತಣ್ಣಗೋ ಇದೆ ಅಂತ ಅರ್ಥ. ತೊಂದರೆ ಕೊಡೋದು ಹಗಲು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದ ತುಳಿದ ಹಿಮ. ಚಳಿಗೆ ರಬ್ಬರ್ ಗಡಸಾಗುತ್ತೆ, ಲಗ್ ಊರುವುದಕ್ಕೆ ಮೆತ್ತನೆ ಜಾಗವೂ ಇರಲ್ಲ. ಅಲ್ಲಿ ಲೋಹವೇ ಬೇಕು.

ನಿಮ್ಮ ದಾರಿಗೆ ಚೈನ್ ಸ್ಪೈಕ್ ಸರಿ. ಶೂ ಮೇಲೆ ಎಳೆದು ಹಾಕುವ ರಬ್ಬರ್ ಪಟ್ಟಿ, ಅಡಿಗೆ ಸರಪಳಿ, ಸುಮಾರು 10 ಮಿ.ಮೀ. ಉಕ್ಕಿನ ಮುಳ್ಳು. ಸೈಜ್ ದೊಡ್ಡದಾದರೆ ಅಡ್ಡ ಇಳಿಜಾರಿನಲ್ಲಿ ಮುಳ್ಳೆಲ್ಲ ಪಕ್ಕಕ್ಕೆ ಸರಿಯುತ್ತೆ. ತೀರಾ ಬಿಗಿಯಾದರೆ ಮುಂದಿನ ರಬ್ಬರ್ ಬೆರಳುಗಳನ್ನ ಅದುಮಿ ಅರ್ಧ ಗಂಟೆಯಲ್ಲಿ ಮರಗಟ್ಟಿಸುತ್ತೆ. ಬರೀ ಬಂಡೆ ಬಂದರೆ ಬಿಚ್ಚಿ ಕೈಯಲ್ಲಿ ಹಿಡ್ಕೊಳ್ಳಿ. ಮುಳ್ಳಿನ ಮೇಲೆ ನಿಂತ ಪಾದ ಹೊರಳುವುದು ಬಹಳ ಸುಲಭ. ಸೊನ್ನೆ ಡಿಗ್ರಿ ಹತ್ತಿರ ಬಂದಾಗ ಒದ್ದೆ ಹಿಮ ಸರಪಳಿಗೆ ಅಂಟಿ ಉಂಡೆ ಕಟ್ಟುತ್ತೆ, ಆಗ ಮುಳ್ಳು ನೆಲಕ್ಕೇ ತಾಗಲ್ಲ. ಆಗಾಗ ಮರದ ಬುಡಕ್ಕೆ ಒದ್ದು ಉದುರಿಸಬೇಕು.

ಸ್ಕ್ರೂ ಹಾಕೋದಾದರೆ ಆರು ಮೂಲೆ ತಲೆಯ ಷೀಟ್ ಮೆಟಲ್ ಸ್ಕ್ರೂ, 8ನೇ ನಂಬರ್, ಉದ್ದ 3/8 ಇಂಚು. ಮೊನೆ ಅಲ್ಲ, ತಲೆಯ ಅಂಚೇ ಐಸನ್ನ ಕಚ್ಚೋದು. ಹಾಗಾಗಿ ನುಣ್ಣನೆ ಗುಂಡು ತಲೆಯದ್ದು ಕೆಲಸಕ್ಕೆ ಬರಲ್ಲ. ಕಾಲು ಇಂಚಿನ ಸಾಕೆಟ್ ಹಾಕಿದ ಡ್ರಿಲ್ ಇದ್ದರೆ ಒಂದು ಜೊತೆಗೆ ಹತ್ತು ನಿಮಿಷದ ಕೆಲಸ. ಅಂಚಿನ ಲಗ್‌ಗಳ ಮೇಲೆಯೇ, ಅವುಗಳ ನಡುಮಧ್ಯಕ್ಕೆ ನೇರವಾಗಿ ಇಳಿಸಿ: ಮುಂಪಾದದ ಸುತ್ತ 7–8, ಹಿಮ್ಮಡಿಗೆ 4–5. ಪಾದ ಮಡಚುವ ಗೆರೆಯಲ್ಲಿ, ಹೆಬ್ಬೆರಳ ಬುಡದ ಕೆಳಗೆ ಬೇಡ. ಡ್ರಿಲ್ ನಿಧಾನ ಇರಲಿ. ತಲೆ ರಬ್ಬರಿಗೆ ಕೂತ ಮೇಲೂ ತಿರುಗಿಸಿದರೆ ಒಳಗಿನ ಫೋಮ್ ಹರಿದು ಸ್ಕ್ರೂ ಸಡಿಲವಾಗಿ ದಾರಿಯಲ್ಲೇ ಬಿದ್ದುಹೋಗುತ್ತೆ. ಮುಗಿದ ಮೇಲೆ ಶೂ ಒಳಗೆ ಕೈ ಹಾಕಿ ಅಟ್ಟೆಯನ್ನ ಒತ್ತಿ ನೋಡಿ, ಎಲ್ಲೂ ಮೊನೆ ಚುಚ್ಚಬಾರದು. ತೆಳು ಅಟ್ಟೆಯ ಶೂಗೆ ಇದನ್ನ ಮಾಡಲೇಬೇಡಿ.

ಸ್ಕ್ರೂ ಸಮತಟ್ಟು ಐಸ್‌ಗೆ ಚೆನ್ನಾಗಿದೆ, ಕಡಿದಾದ ಇಳಿಜಾರಿಗೆ ಸಾಲಲ್ಲ. 450 ಮೀಟರ್ ಏರಿ ಇಳಿಯೋರಿಗೆ ನನ್ನ ಮತ ಚೈನ್‌ಗೇ. ಶೂ ವಾಟರ್‌ಪ್ರೂಫ್ ಇದ್ದರೆ ಒಳ್ಳೇದು, ಕಾಲು ಒಣಗಿರುತ್ತೆ.

ಉಣ್ಣೆಚೀಲ:
ಕೊನೇ ಸಾಲಿಗೆ ನನ್ನ ತಕರಾರಿದೆ. ಮೆಂಬ್ರೇನ್ ಶೂ (ಒಳಗೆ ನೀರು ತಡೆಯುವ ಪೊರೆ ಇರುವ ವಾಟರ್‌ಪ್ರೂಫ್ ಶೂ) ಹೊರಗಿನ ನೀರು ತಡೆಯೋದು ನಿಜ, ಆದರೆ ಶೂಗೆ ಬಾಯಿ ಅನ್ನೋದು ಇದೆಯಲ್ಲ. ಹರಡು ಮುಳುಗುವ ಹಿಮದಲ್ಲಿ ಅಲ್ಲಿಂದಲೇ ಒಳಗೆ ಬೀಳುತ್ತೆ, ಕರಗುತ್ತೆ, ಆಮೇಲೆ ಹೊರಗೆ ಹೋಗೋಕೆ ದಾರಿಯಿಲ್ಲ. ತಣ್ಣಗಿನ ಒಣ ಹಿಮಕ್ಕೆ ಶೂ ಬಾಯಿ ಮುಚ್ಚುವ ಗೇಟರ್ ಕಟ್ಟಿದರೆ ಮೆಂಬ್ರೇನ್ ಸರಿ. ಹಿಮ ಕರಗಿ ರಾಡಿಯಾಗಿದ್ದರೆ ಜಾಲರಿ ಶೂ, ಉಣ್ಣೆ ಕಾಲುಚೀಲವೇ ವಾಸಿ. ಒದ್ದೆಯಾದರೂ ನೀರು ಹಿಂಡಿ ಹೋಗುತ್ತೆ, ಓಡುತ್ತಿರುವ ತನಕ ಬೆಚ್ಚಗಿರುತ್ತೆ. ಚಳಿ ಅಂತ ಅದೇ ಶೂಗೆ ಎರಡು ಕಾಲುಚೀಲ ತುರುಕಬೇಡಿ. ಬಿಗಿಯಾದರೆ ರಕ್ತ ಓಡಲ್ಲ, ಒಂದು ಚೀಲಕ್ಕಿಂತ ಬೇಗ ಬೆರಳು ತಣ್ಣಗಾಗುತ್ತೆ. ದಪ್ಪ ಚೀಲ ಬೇಕಿದ್ದರೆ ಶೂ ಅರ್ಧ ಸೈಜ್ ದೊಡ್ಡದು ತಗೊಳ್ಳಿ.

ಬಟ್ಟೆ: ಮೈಗೆ ತಾಗುವಂತೆ ತೆಳು ಮೆರಿನೋ ಉಣ್ಣೆ ಅಥವಾ ಪಾಲಿಯೆಸ್ಟರ್, ಮೇಲೆ ಗಾಳಿ ತಡೆಯುವ ತೆಳು ಜಾಕೆಟ್. ಮೈನಸ್ 10ಕ್ಕಿಂತ ಕೆಳಗಿದ್ದರೆ ನಡುವೆ ಇನ್ನೊಂದು ಪದರ. ಹತ್ತಿ ಬಟ್ಟೆ ಒಳಚಡ್ಡಿಗೂ ಬೇಡ. ಹೊರಡುವಾಗ ಸಣ್ಣಗೆ ಚಳಿ ಅನ್ನಿಸಬೇಕು. ಬೆಚ್ಚಗೆ ಹೊರಟರೆ ಎರಡನೇ ಕಿಲೋಮೀಟರಿಗೇ ಬೆವರು, ಆ ಬೆವರೇ ಮುಂದೆ ಮೈ ಕೊರೆಯೋದು. ಏರು ಶುರುವಾಗುವ ಮೊದಲೇ ಜಿಪ್ ಇಳಿಸಿ, ತುದಿ ತಲುಪುವ ಮೊದಲೇ ಏರಿಸಿ.

ಥರ್ಮಾಮೀಟರ್ ಒಂದನ್ನೇ ನಂಬಬೇಡಿ. ಮೈನಸ್ 10 ಇದ್ದು 20 ಕಿ.ಮೀ. ವೇಗದ ಗಾಳಿ ಬೀಸಿದರೆ ಮೈಗೆ ಮೈನಸ್ 18ರ ಹಾಗೆ ಕೊರೆಯುತ್ತೆ. ಆದ್ದರಿಂದ ಹೋಗುವಾಗ ಗಾಳಿಗೆ ಎದುರಾಗಿ, ಬೆವರಿದ ಮೈಯಲ್ಲಿ ವಾಪಸ್ ಬರುವಾಗ ಗಾಳಿ ಬೆನ್ನಿಗೆ ಇರುವಂತೆ ದಾರಿ ಇಟ್ಟುಕೊಳ್ಳಿ. ಕೈಗೆ ಬೆರಳುಗವಸಿಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಮಿಟನ್ ಬೆಚ್ಚಗೆ.

ಕೊನೆಯವರ_ಜೊತೆ:
ನಿಂತು ಕಾಯುವ ಪ್ರಶ್ನೆಗೆ ಬರ್ತೀನಿ. ಎಲ್ಲರೂ ಸ್ಪೈಕ್ ಬಗ್ಗೆ ಕೇಳ್ತಾರೆ, ನಿಲ್ಲೋದರ ಬಗ್ಗೆ ಯಾರೂ ಕೇಳಲ್ಲ. ಹಿಮದಲ್ಲಿ ಓಟ ತಣ್ಣಗಾಗಿಸಲ್ಲ, ನಿಲುಗಡೆ ತಣ್ಣಗಾಗಿಸುತ್ತೆ. ಒದ್ದೆ ಬೆನ್ನಿನಲ್ಲಿ ಐದು ನಿಮಿಷ ನಿಂತವರಿಗೆ ಮತ್ತೆ ಬಿಸಿ ಹತ್ತೋಕೆ ಒಂದು ಕಿಲೋಮೀಟರ್ ಬೇಕಾಗಬಹುದು. ಹಾಗಾಗಿ ಕವಲಿನಲ್ಲಿ ಕಾಯಬೇಡಿ. ಮುಂದಿರುವವರು ತಿರುಗಿ ಕೊನೆಯವರ ತನಕ ಓಡಿ ಬಂದು, ಅವರ ಹಿಂದಿನಿಂದ ಮತ್ತೆ ಸೇರಿಕೊಳ್ಳಲಿ. ವೇಗದವರಿಗೆ ಹೆಚ್ಚು ದೂರ ಸಿಗುತ್ತೆ, ನಿಧಾನದವರಿಗೆ ತಮಗಾಗಿ ಕಾಯ್ತಾ ಇದ್ದಾರೆ ಅನ್ನೋ ಮುಜುಗರ ಇಲ್ಲ. ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲಲೇಬೇಕು ಅಂದರೆ ಮೊದಲು ಎಲ್ಲರೂ ಬ್ಯಾಗಿನ ದಪ್ಪ ಜಾಕೆಟ್ ಹಾಕ್ಕೊಳ್ಳಿ, ಮಾತು ಆಮೇಲೆ.

ಹೊಸ ಹಿಮದ ಭಾಗದಲ್ಲಿ ಮೊದಲು ಹೋಗುವವರಿಗೇ ಅತಿ ಹೆಚ್ಚು ಶ್ರಮ. ಎರಡು–ಮೂರು ನಿಮಿಷಕ್ಕೊಮ್ಮೆ ಅವರು ಪಕ್ಕಕ್ಕೆ ಸರಿದು ಸಾಲಿನ ಕೊನೆಗೆ ಹೋಗಲಿ. ಉಳಿದವರು ಅದೇ ಹೆಜ್ಜೆಗುಳಿಯಲ್ಲಿ ಕಾಲಿಡಿ. ಗಟ್ಟಿ ಪದರ ಮುರಿದು ಕಣಕಾಲಿನ ತನಕ ಹೂತುಹೋಗುತ್ತಿದ್ದರೆ ಅಲ್ಲಿಗೆ ಓಟ ಮುಗೀತು, ತಿರುಗಿ. ಮುರಿದ ಪದರದ ಅಂಚು ಚರ್ಮ ಕೊಯ್ಯುತ್ತೆ, ಮಂಡಿಯೂ ಉಳುಕುತ್ತೆ. ಇಳಿಯುವಾಗ ನಡುವೆ ಎಂಟು–ಹತ್ತು ಮೀಟರ್ ಬಿಡಿ, ಒಬ್ಬರು ಜಾರಿದರೆ ಇಬ್ಬರು ಬೀಳಬಾರದು. ಹಿಮ್ಮಡಿ ಊರಿ ಬ್ರೇಕ್ ಹಾಕಬೇಡಿ. ಹೆಜ್ಜೆ ಚಿಕ್ಕದು, ಪಾದ ಸೊಂಟದ ನೇರಕ್ಕೇ ಬೀಳಲಿ.

ಬೇಸಿಗೆಯ ಸಮಯಕ್ಕೆ ಅರ್ಧ ಸೇರಿಸಿ ಲೆಕ್ಕ ಹಾಕಿ. ಒಂದೂಮುಕ್ಕಾಲು ಗಂಟೆಯ ದಾರಿಗೆ ಎರಡೂವರೆಗಿಂತ ಹೆಚ್ಚೇ. ಇಷ್ಟು ಹೊತ್ತಿಗೆ ಎಲ್ಲಿದ್ದರೂ ತಿರುಗುವುದು ಅಂತ ಹೊರಡುವ ಮೊದಲೇ ತೀರ್ಮಾನಿಸಿ. ತುದಿ ಕಾಣಿಸುತ್ತಿರುವಾಗ ಆ ಚರ್ಚೆ ಇಟ್ಟುಕೊಂಡರೆ ಯಾರೂ ಒಪ್ಪಲ್ಲ.

ಯಾರಿಗಾದರೂ ಕಾಲು ಉಳುಕಿ ಕೂತರೆ ಮೊದಲು ಕೆಳಗಿನ ಚಳಿ ತಡೀರಿ: ಬ್ಯಾಗುಗಳ ಮೇಲೆ ಕೂರಿಸಿ, ಜಾಕೆಟ್ ಹಾಕಿಸಿ, ಮೈ ಶಾಖ ಹಿಡಿದಿಡುವ ಫಾಯಿಲ್ ಚೀಲದೊಳಗೆ ಸೇರಿಸಿ. ಕಾಲು ನೋಡೋದು ಅದಾದ ಮೇಲೆ. ನೆರವು ಕರೆಯೋಕೆ ಹೋಗಲೇಬೇಕಾದರೆ ಇಬ್ಬರು ಹೋಗಿ, ಇಬ್ಬರು ಜೊತೆಗಿರಿ. ಮಾತು ತೊದಲುವುದು, ಎಡವುವುದು, ಜಿಪ್ ಎಳೆಯೋಕೂ ಬೆರಳು ಕೇಳದಿರುವುದು ಮೈ ಶಾಖ ಇಳಿಯುತ್ತಿರುವ ಗುರುತು. ಇನ್ನೂ ತಣ್ಣಗೇ ಇರುವವರ ನಡುಕ ತಾನಾಗಿ ನಿಂತಿತು ಅಂದರೆ ಸುಧಾರಿಸಿದ್ದಲ್ಲ, ಕೆಟ್ಟಿತು ಅಂತಲೇ ತಿಳಿದು ತಕ್ಷಣ ಸಹಾಯಕ್ಕೆ ಕರೆ ಮಾಡಿ. ಮೂಗು, ಕೆನ್ನೆ ಬಿಳಿಚಿದ್ದು ತಮಗೇ ಕಾಣಲ್ಲ, ಒಬ್ಬರ ಮುಖ ಇನ್ನೊಬ್ಬರು ನೋಡ್ತಾ ಇರಿ. ಅಂಗೈ ಬಿಸಿ ಕೊಡಿ. ಉಜ್ಜಬೇಡಿ, ಹಿಮದಿಂದಂತೂ ಬೇಡವೇ ಬೇಡ.

ಕಾಲುದಾರಿ5:
ತಿರುಗಿ ಬಂದು ಸೇರಿಕೊಳ್ಳುವ ಉಪಾಯ ಹೊಳೆದೇ ಇರಲಿಲ್ಲ, ಥ್ಯಾಂಕ್ಸ್. ಇನ್ನೆರಡು: ಬ್ಯಾಗಿನ ನೀರಿನ ಕೊಳವೆ ಹೆಪ್ಪುಗಟ್ಟದಂತೆ ಏನು ಮಾಡೋದು? ತುದಿಯ ಹತ್ತಿರ ಕಾಡು ಮುಗಿದು ಬಯಲು ಇಳಿಜಾರಿನ ಕೆಳಗೆ 300 ಮೀಟರ್ ದಾರಿಯಿದೆ, ಸ್ಪೈಕ್ ಇದ್ದರೆ ಸಾಕಲ್ವಾ?

ಉಣ್ಣೆಚೀಲ:
ಮೊದಲು ಗಟ್ಟೋದು ಕೊಳವೆ, ಅದರಲ್ಲೂ ಕಚ್ಚುವ ತುದಿ. ಕುಡಿದ ಮೇಲೆ ಗಾಳಿ ಊದಿ ನೀರನ್ನ ಚೀಲಕ್ಕೇ ತಳ್ಳಿ. ಅದಕ್ಕಿಂತ ಸುಲಭ: ಕೊಳವೆ ಮನೇಲಿ ಬಿಟ್ಟು, ಅಗಲ ಬಾಯಿಯ ಅರ್ಧ ಲೀಟರ್ ಬಾಟಲಿಗೆ ಬಿಸಿನೀರು ತುಂಬಿ, ಜಾಕೆಟ್ ಒಳಗೆ ತಲೆಕೆಳಗಾಗಿ ಇಟ್ಟುಕೊಳ್ಳಿ. ನೀರು ಮೇಲಿನಿಂದ ಹೆಪ್ಪುಗಟ್ಟುತ್ತೆ, ಮುಚ್ಚಳ ಕೆಳಗಿದ್ದರೆ ತೆರೆಯೋಕೆ ಬರುತ್ತೆ. ಮುಚ್ಚಳ ಸೋರುತ್ತಾ ಅಂತ ಮನೇಲೇ ನೋಡಿ. ಫೋನೂ ಒಳ ಜೇಬಿನಲ್ಲೇ ಇರಲಿ, ಚಳಿಗೆ 40 ಪರ್ಸೆಂಟ್ ತೋರಿಸ್ತಾ ಇದ್ದಂತೆ ಆಫ್ ಆಗುತ್ತೆ.

ಕೊನೆಯವರ_ಜೊತೆ:
ಆ 300 ಮೀಟರಿಗೆ ಸ್ಪೈಕ್ ಉತ್ತರವಲ್ಲ. 30ರಿಂದ 45 ಡಿಗ್ರಿ ಇಳಿಜಾರಿನಲ್ಲೇ ಹಿಮಕುಸಿತ ಹೆಚ್ಚು, ನೀವು ಅದರ ಮೇಲೆ ನಿಲ್ಲಬೇಕಿಲ್ಲ, ಕೆಳಗೆ ಹಾದರೂ ಸಾಕು. ಫೋನಿನ ಇಳಿಜಾರು ಅಳೆಯುವ ನಕ್ಷೆಯಲ್ಲಿ ಮೇಲಿನ ಗುಡ್ಡ ನೋಡಿ. 30 ದಾಟಿದ್ದು, ಆ ಪ್ರದೇಶದ ಹಿಮಕುಸಿತ ಮುನ್ಸೂಚನೆ ಓದಿ ಅರ್ಥಮಾಡಿಕೊಳ್ಳಬಲ್ಲವರು ನಿಮ್ಮಲ್ಲಿ ಇಲ್ಲದಿದ್ದರೆ, ಕಾಡಿನ ಅಂಚಿನಲ್ಲೇ ತಿರುಗಿ. ಕಡಿಮೆಯಾದ 600 ಮೀಟರನ್ನ ಕೆಳಗಿನ ತುಳಿದ ದಾರಿಯಲ್ಲಿ ಸೇರಿಸಿಕೊಳ್ಳಬಹುದು.